ಎಡಗೈಯ ಎಲೆ

೪-೭-೧೯೬೧, ಮಂಗಳವಾರ

ಐದನೇ ಕ್ಲಾಸಿನ ಮಾಡು ಮತ್ತೆ ಸೋರಿತು. ಮಕ್ಕಳನ್ನು ಜಗಲಿಗೆ ದಾಟಿಸಿ ಮಗ್ಗಿ ಹೇಳಿಸಿದೆ. ಹೆಡ್ಮಾಷ್ಟ್ರಿಗೆ ಉಪಾಯ ಹೊಳೆದಿದೆಯಂತೆ. ಹೊಸ ಮಾಡಿಗಾಗಿ ಟಿಕೇಟಿಟ್ಟು ತಾಳಮದ್ದಳೆ. ಮುಖ್ಯ ಅರ್ಥಧಾರಿ, ಅಂದರೆ ಪಾತ್ರವಾಗಿ ಕೂತು ಮಾತಾಡುವವನು, ಧರ್ಮಪಾಲ.

ಹೌದು, ಅದೇ ಧರ್ಮಪಾಲ. ಮರದ ವ್ಯಾಪಾರದ ಪಾಲುದಾರ ಚೆನ್ನಪ್ಪನನ್ನು ಕೊಂದು ಕುಮಾರಧಾರೆಗೆ ಹಾಕಿದನೆಂದು ಕೇಸಾಗಿ, ಹೋದ ವರ್ಷ ಖುಲಾಸೆಯಾದವನು. ಕೇಸಿಗೆ ಮೊದಲು ಅವನ ಅರ್ಥಕ್ಕೆ ಹತ್ತು ಜನ ಕೂರುತ್ತಿರಲಿಲ್ಲ. ಈಗ ಜಾಲ್ಸೂರಿನಿಂದ ನೆಲ್ಯಾಡಿವರೆಗೆ ಕರೆಯುತ್ತಾರೆ. ಎಲ್ಲ ಕಡೆ ಒಂದೇ ಪ್ರಸಂಗ — ಮರೆಯಲ್ಲಿ ನಿಂತು ಬಾಣ ಬಿಟ್ಟವನಿಗೂ ಬಾಣ ತಾಗಿ ಬಿದ್ದವನಿಗೂ ವಾದ. ಕೊಂದವನ ಅರ್ಥ ಅವನದು. ಜನ ಬರುವುದೇ ಅದಕ್ಕೆ.

ಬಿದ್ದವನ ಅರ್ಥ ನನಗೆ. ಒಪ್ಪಿದೆ. ಖುಷಿಯೂ ಆಯಿತು, ಸುಳ್ಳು ಯಾಕೆ... ಅಷ್ಟು ಜನರೆದುರು ಮಾತಾಡುವ ಯೋಗ ನನಗೆ ಇನ್ನೆಲ್ಲಿ? ರಾತ್ರಿ ಊಟಕ್ಕೆ ಕೂತು ಹೇಳಿದಾಗ ಹೆಂಡತಿ ಸತ್ಯವತಿ ಬಡಿಸುವ ಸೌಟನ್ನು ಕೆಳಗಿಟ್ಟಳು.

"ಚೆನ್ನಪ್ಪಣ್ಣನ ಹೆಣ ಎತ್ತಿದವರು ನೀವು. ಈಗ ಆ ಧರ್ಮಪಾಲನ ಒಟ್ಟಿಗೆ ಕೂತು ಅರ್ಥ ಹೇಳುದಾ?"

"ಕೋರ್ಟೇ ಬಿಟ್ಟ ಮೇಲೆ ನಾವು ಯಾರು ಮಾರಾಯ್ತಿ?" ಎಂದೆ. ಮಾತು ಚೆನ್ನಾಗಿಯೇ ಬಂತು. ಇದನ್ನು ಅರ್ಥದಲ್ಲೂ ಸೇರಿಸಬಹುದು ಅಂದುಕೊಂಡೆ.

೯-೭-೧೯೬೧, ಭಾನುವಾರ

ಚೆನ್ನಪ್ಪನ ಹೆಂಡತಿ ಪಂಕಜಾಕ್ಷಿ ಬಂದಿದ್ದಳು. ಕುಳಿತುಕೊ ಎಂದರೂ ಕೂರಲಿಲ್ಲ. ಅಂಗಳದಲ್ಲೇ ನಿಂತಳು.

"ಅವನು ಬದುಕಲಿ ಮಾಷ್ಟ್ರೆ. ಮರ ಕಡಿಸಲಿ, ಅಂಗಡಿ ಇಡಲಿ, ನಾನು ಎಂತ ಹೇಳುದಿಲ್ಲ. ಆದ್ರೆ ಜನ ಬರುದು ಅವನ ಅರ್ಥ ಕೇಳ್ಲಿಕ್ಕಾ? ನನ್ನ ಗಂಡನ ಹೆಣ ನೋಡ್ಲಿಕ್ಕೆ ಬರುದು. ಅದಕ್ಕೆ ಟಿಕೇಟು ಹರಿಯುದು ನೀವಾ?"

ಮಕ್ಕಳಿಗೆ ಮಾಡು ಆಗುತ್ತದೆ ಎಂದೆ. "ಆಗಲಿ" ಎಂದು ಹೋದಳು. ಊಟ ಸೇರಲಿಲ್ಲ.

೧೬-೭-೧೯೬೧, ಭಾನುವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ಮಧ್ಯಾಹ್ನ ಶುರು. ಕಿಟಕಿಯ ಸರಳಿಗೂ ಜನ ಜೋತು ಬಿದ್ದಿದ್ದರು. ತಾಳಮದ್ದಳೆ ಅಂದರೆ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರು ಪದ ಹೇಳಿದ ಮೇಲೆ ಬಾಯಿಗೆ ಬಂದದ್ದೇ ಅರ್ಥ. ಧರ್ಮಪಾಲ ಮಾತಿಗೊಂದು ಚಪ್ಪಾಳೆ ಗಿಟ್ಟಿಸುತ್ತಿದ್ದ. ಅಮಲು ಏರಿದ ಹಾಗಿತ್ತು ಅವನಿಗೆ.

ನಾನು ಕೇಳಿದೆ — ಎದುರಿಗೆ ಬಾರದೆ ಕೊಂದೆಯಲ್ಲ, ಇದು ವೀರನ ಲಕ್ಷಣವೇ?

ಕಣ್ಣು ಮುಚ್ಚಿದ. ಸ್ವರ ಇಳಿಸಿದ. "ಎದುರಿಗೆ ಬಾರದೆ? ಎದುರಿಗೇ ಇದ್ದೆನಲ್ಲ! ನಾನು ಕೊಟ್ಟ ವೀಳ್ಯ ನಿನ್ನ ಬಾಯಿಗೆ ಹೋಗಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ನೀರಿಗೆ ಹೋದೆ."

ಪ್ರಸಂಗದಲ್ಲಿ ವೀಳ್ಯವೂ ಇಲ್ಲ, ನೀರೂ ಇಲ್ಲ.

ಎದುರಾಳಿಯ ಮಾತಿನ ತುದಿ ಸಿಕ್ಕಿದರೆ ಬಿಡಬಾರದು. ಅದು ನಮ್ಮ ಅಭ್ಯಾಸ. ತಲೆ ಯೋಚಿಸುವ ಮೊದಲೇ ನನ್ನ ಬಾಯಿ ಕೇಳಿಬಿಟ್ಟಿತು — "ಯಾವ ಮುಷ್ಟಿ? ಬಲದ್ದೋ, ಎಡದ್ದೋ?"

"ಎಡದ್ದು" ಎಂದ. ಅವನದ್ದೂ ಅಭ್ಯಾಸವೇ.

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದ. ನನಗೆ ಮುಂದಿನ ಮಾತು ಬರಲಿಲ್ಲ. ಭಾಗವತರು ಪದ ಎತ್ತಿ ಮಾನ ಉಳಿಸಿದರು. ಮಾಷ್ಟ್ರು ಸೋತರೆಂದು ಜನ ಚಪ್ಪಾಳೆ ತಟ್ಟಿದರು.

ಆ ಎಲೆಯನ್ನು ಕಂಡವರು ಇಬ್ಬರೇ. ನಾನು ಮತ್ತು ಹೊಳೆ ದಾಟಿಸುವ ಕಡವಿನ ದೋಣಿಯ ಕುಂಞಿ ಮೋನು. ಹೆಣವನ್ನು ದಡಕ್ಕೆ ಎಳೆಯುವಾಗ ಎಡಗೈ ಮುಷ್ಟಿ ಬಿಚ್ಚಿ, ಒಳಗಿದ್ದ ವೀಳ್ಯದೆಲೆ ನನ್ನ ಕೈಗೆ ಅಂಟಿತು. ಕೊಡವಿ ಬಿಸಾಡಿದೆ. ಹೊಳೆಯಲ್ಲಿ ಎಲೆಗಳಿಗೇನು ಬರ! ಪೊಲೀಸರು ಬಂದದ್ದು ಆಮೇಲೆ. ಕೋರ್ಟಿನಲ್ಲಿ ಆ ಮಾತೇ ಬರಲಿಲ್ಲ.

ಸುಣ್ಣ ಹಚ್ಚುವಾಗ ಯಾರಾದರೂ ಎಲೆಯನ್ನು ಎಡಗೈಯಲ್ಲೇ ಹಿಡಿಯುತ್ತಾರೆ. ಊಹೆಯಿಂದ ಹೇಳಿರಬಹುದು... ಆದರೆ ಮುಷ್ಟಿ? ನೀರು?

ಊಹೆಯಾದರೆ ಹಾಗೆ ಯಾಕೆ ನೋಡಿದ?

೧೮-೭-೧೯೬೧, ಮಂಗಳವಾರ

ಶಾಲೆ ಬಿಟ್ಟ ಮೇಲೆ ಕಡವಿಗೆ ಹೋದೆ. ಕುಂಞಿ ಮೋನು ದೋಣಿಯ ನೀರು ಚೆಲ್ಲುತ್ತಿದ್ದ. ಎಲೆಯ ವಿಷಯ ಯಾರಿಗಾದರೂ ಹೇಳಿದ್ದುಂಟಾ ಎಂದು ಕೇಳಿದೆ.

"ಹೆಣದ ಕೈಯಿಂದ ಬಿದ್ದದ್ದನ್ನು ಮನೆಗೆ ತಕ್ಕೊಂಡು ಹೋಗುದುಂಟಾ ಮಾಷ್ಟ್ರೆ? ಮಾತಾದ್ರೂ ಅಷ್ಟೆ. ನೆಬೀಸನ ಹತ್ರ ಕೂಡ ಹೇಳ್ಲಿಲ್ಲ." ನೆಬೀಸ ಅವನ ಹೆಂಡತಿ. ಮತ್ತೆ ತಲೆ ಕೆರೆದುಕೊಂಡ. "ನಿನ್ನೆ ಧರ್ಮಪಾಲಣ್ಣನೂ ಬಂದಿದ್ರು. ಹೆಣದ ಕೈಯಲ್ಲಿ ಎಂತಾದ್ರೂ ಇತ್ತಾ ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?"

"ನನಗೆ ನೆನಪಿಲ್ಲ, ಮಾಷ್ಟ್ರಿಗೆ ಗೊತ್ತಿರ್ಬಹುದು ಅಂದೆ."

ಪಾಪ, ಜಾರಿಕೊಳ್ಳಲು ಹೇಳಿದ್ದು. ಇನ್ನು ಉಳಿದವನು ನಾನೊಬ್ಬನೇ.

೨೨-೭-೧೯೬೧, ಶನಿವಾರ

ಪುತ್ತೂರಿಗೆ ಹೋಗಿ ಪರಿಚಯದ ವಕೀಲರನ್ನು ಕಂಡೆ. ಯಾರದೋ ಕಥೆ ಎಂಬ ಹಾಗೆ ಕೇಳಿದೆ.

"ಒಮ್ಮೆ ಖುಲಾಸೆ ಆದವನನ್ನು ಅದೇ ಕೊಲೆಗೆ ಮತ್ತೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಅಪೀಲಿನ ವಾಯಿದೆಯೂ ಹೋಗಿದೆ. ಅವನು ಪೇಟೆಯಲ್ಲಿ ನಿಂತು ಕೊಂದೆ ಅಂದ್ರೂ ಎಂತ ಮಾಡುದು?"

ಸಿಟ್ಟು ಬಂತು. ಆದರೆ ಬಸ್ಸಿನಲ್ಲಿ ಬರುವಾಗ ಎದೆ ಹಗುರಾಯಿತು. ಕಾನೂನು ಮುಟ್ಟದವನಿಗೆ ನನ್ನ ಭಯ ಯಾಕೆ? ನನ್ನನ್ನು ಯಾಕೆ ಮುಟ್ಟಿಯಾನು? ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

೩೦-೭-೧೯೬೧, ಭಾನುವಾರ

ಧರ್ಮಪಾಲ ಮನೆಗೇ ಬಂದ. ಇಸ್ತ್ರಿ ಮಾಡಿದ ಜುಬ್ಬ, ಹೊಸ ವಾಚು. ಸತ್ಯವತಿ ಕಾಫಿ ಲೋಟವನ್ನು ದೂರದಲ್ಲಿಟ್ಟು ಒಳಗೆ ಹೋದಳು.

"ವಕೀಲರ ಹತ್ರ ಹೋಗಿದ್ರಂತೆ."

ಅವನು ನಕ್ಕ.

"ಹೋಗಿ ಮಾರಾಯ್ರೆ, ಅದಕ್ಕೆಲ್ಲ ನಾನು ಹೆದರುದಿಲ್ಲ. ಆದ್ರೆ ನಾನು ಮಾರುದು ಎಂತ ಗೊತ್ತುಂಟಾ? ಸಂಶಯ. ಇವ ಕೊಂದಿದ್ದಾನಾ, ಇಲ್ವಾ... ಅಷ್ಟಕ್ಕೇ ಜನ ಬರುದು. ಹೌದು ಅಂತ ಗೊತ್ತಾದ್ರೆ ಯಾವ ಊರಿನವರು ನನಗೆ ಚಾಪೆ ಹಾಸ್ತಾರೆ? ಅನ್ನ ಹೋಗ್ತದೆ ಮಾಷ್ಟ್ರೆ. ಈ ಹೆಸರು, ಈ ಚಪ್ಪಾಳೆ ಎಲ್ಲ ಹೋಗ್ತದೆ. ಜೈಲಿನಲ್ಲಿ ಕೂತಾಗಲೂ ನನಗೆ ಅಷ್ಟು ಹೆದರಿಕೆ ಆಗ್ಲಿಲ್ಲ."

ಕಾಫಿ ಕುಡಿದು ಲೋಟ ಮಗುಚಿಟ್ಟ.

"ಬರುವ ಭಾನುವಾರ ಬೆಳ್ಳಾರೆಯಲ್ಲಿ ಉಂಟು. ನೀವೇ ನನ್ನ ಎದುರಿಗೆ. ಒಟ್ಟಿಗೆ ಹೋಗುವ. ಕುಂಞಿ ಮೋನುವಿನ ದೋಣಿ ಬೇಡ, ಮರ ಸಾಗಿಸ್ಲಿಕ್ಕೆ ನನ್ನದೇ ದೋಣಿ ಉಂಟು."

ಆಗುವುದಿಲ್ಲ ಎನ್ನಬೇಕಿತ್ತು. "ಆಗಲಿ" ಎಂದೆ. ದೊಡ್ಡ ಅರ್ಥಧಾರಿ ನಾನು, ಒಂದು 'ಇಲ್ಲ' ಹೊರಡಲಿಲ್ಲ.

೪-೮-೧೯೬೧, ಶುಕ್ರವಾರ

ಜ್ವರವೆಂದು ಹೇಳಿಕಳುಹಿಸಿದ್ದೆ. ಭಾನುವಾರದೊಳಗೆ ಗುಣವಾಗುತ್ತದೆ ಎಂದು ತಿರುಗಿ ಹೇಳಿಕಳುಹಿಸಿದ. ಇವತ್ತು ಕ್ಲಾಸಿನಲ್ಲಿ ಸ್ಲೇಟು ಬಿದ್ದ ಸದ್ದಿಗೆ ಎದ್ದು ನಿಂತೆ. ಮಕ್ಕಳೂ ಎದ್ದು ನಿಂತರು.

ಸಂಜೆ ಪಂಕಜಾಕ್ಷಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಎಲೆ, ಮುಷ್ಟಿ, ಎಡಗೈ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಮೊದಲು ಎಲೆ ಬಿಸಾಡಿದ್ದನ್ನು ಹೇಳಿ, ಮತ್ತೆ ಅವನು ಹೇಳಿದ್ದನ್ನು ಹೇಳಿ. ಬೆಳ್ಳಾರೆಯ ಜನರೆದುರು. ಕೋರ್ಟು ಎಂತ ಮಾಡುದು ಬೇಡ. ಇನ್ನು ಯಾರೂ ಟಿಕೇಟು ತಕ್ಕೊಳ್ಬಾರ್ದು, ಅಷ್ಟು ಸಾಕು ನನಗೆ. ನಾನು ಎದುರಿಗೇ ಕೂತಿರ್ತೇನೆ."

ಹೂಂ ಎಂದೆ. ಈ ಸಲ ಮನಸ್ಸಿನಿಂದಲೇ ಎಂದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಡವಿನಲ್ಲಿ ಸೇರುವುದು. ಅವನು ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದಾನೆ. ಅಷ್ಟರಲ್ಲಿ ಕುಂಞಿ ಮೋನು ನಮ್ಮನ್ನು ದಾಟಿಸಿರುತ್ತಾನೆ.

೬-೮-೧೯೬೧, ಭಾನುವಾರ, ಬೆಳಿಗ್ಗೆ ಏಳು

ಹನ್ನೊಂದಕ್ಕಲ್ಲ. ಈಗಲೇ ಬಂದಿದ್ದಾನೆ.

ಜಗಲಿಯಲ್ಲಿ ಕೂತಿದ್ದಾನೆ. ಅಂಗಿ ಹಾಕಿ ಬರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಸತ್ಯವತಿಯನ್ನು ಹಿಂದಿನ ಬಾಗಿಲಿನಿಂದ ಕಡವಿಗೆ ಕಳುಹಿಸಿದೆ. ಕುಂಞಿ ಮೋನುವಿಗೆ, ಪಂಕಜಾಕ್ಷಿಗೆ ಹೇಳಲು. ಓಡಿದರೂ ಅರ್ಧ ಗಂಟೆ ಬೇಕು. ಹೊಳೆಯ ಸದ್ದು ಇಲ್ಲಿಗೇ ಕೇಳುತ್ತಿದೆ.

"ಆಯ್ತಾ ಮಾಷ್ಟ್ರೆ? ಒಂದು ಎಲೆ ಹಾಕಿ ಹೊರಡುವ."

ಬಾಗಿಲ ಸಂದಿಯಿಂದ ಕಾಣುತ್ತಿದೆ. ನಮ್ಮದೇ ತಟ್ಟೆಯಿಂದ ಎಲೆ ಆರಿಸಿದ. ತೊಟ್ಟು ಮುರಿದ. ಪಂಚೆಗೆ ಒರೆಸಿದ. ನಿಧಾನ ಸುಣ್ಣ ಹಚ್ಚುತ್ತಿದ್ದಾನೆ.

ಎದ್ದ. ಇತ್ತ ಬರುತ್ತಿದ್ದಾನೆ. ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಕೂಡಲೇ ಬಾಯಿಗೆ ಹಾಕಿಬಿಡಬೇಕು, ಚೆನ್ನಪ್ಪನ ಹಾಗೆ ಕೈಯಲ್ಲಿ ಇಟ್ಟುಕೊಳ್ಳ—