ಬಡಗಣ ತಡಿಕೆಯ ಹಿಂದೆ

ನವೆಂಬರ್ 28, ಸಂಜೆ

ಇದ್ದಿಲು ಸುಡುವವನ ಕಥೆಯನ್ನು ನಮಗೆ ಹೇಳಿದ್ದು ಪಕ್ಕದ ಮನೆ ಕಿನು ಅಜ್ಜಿ. ಇವತ್ತು, ಹಿಮಕ್ಕೆ ತಡಿಕೆ ಕಟ್ಟಿ ಮುಗಿಸಿ, ನಮ್ಮ ಪೆಲೆಟ್ ಒಲೆ ಮುಂದೆ ಕೂತು. ಕೇಳಿದವರು ನಾನು, ನನ್ನ ಹೆಂಡತಿ ಚಿಹೊ, ಅಜ್ಜಿಯ ಮಗ ಕಾಂಜಿ.

ನಾನು ಕೆಲಸದಿಂದ ಬರುವಷ್ಟರಲ್ಲಿ ತಾಯಿ ಮಗ ಸೇರಿ ಬಡಗಣ ಗೋಡೆಯುದ್ದಕ್ಕೂ ಹಲಗೆ ನಿಲ್ಲಿಸಿ, ಹುಲ್ಲು ಹೊದಿಸಿ, ಹಗ್ಗ ಬಿಗಿದಾಗಿತ್ತು. ಗೋಡೆಗೂ ತಡಿಕೆಗೂ ನಡುವೆ ಮೊಳದಗಲ ಸಂದು. ಒಲೆಯ ಹೊಗೆಕೊಳವೆಯ ಎದುರಿಗೆ ಮರೆಯದೆ ಒಂದು ತೂತನ್ನೂ ಬಿಟ್ಟಿದ್ದಾರೆ.

"ಬಸುರಿ ಇರೋ ಮನೆ. ಈ ಸಲ ಎರಡು ಪದರ ಹುಲ್ಲು ಹಾಕಿದೀನಿ. ಗಾಳಿ ಅಲ್ಲ, ಗಾಳಿಯಪ್ಪ ಬಂದ್ರೂ ನುಗ್ಗಲ್ಲ" ಅಂದಳು ಅಜ್ಜಿ. "ಒಂದು ಮಾತು ತಮ್ಮಾ. ಕಟ್ಟಿದ ತಡಿಕೆ ವಸಂತದವರೆಗೆ ಬಿಚ್ಚಬಾರದು. ಬಿಚ್ಚಿದ್ರೆ ಮನೆಯೊಳಗಿನ ಒಂದು ಜೀವ ಹೊರಗೆ ಹೋಗತ್ತೆ."

ಆಮೇಲೆ ಕಥೆ. ಮೇಲಿನ ಕಾಡಲ್ಲಿ ಒಬ್ಬ ಇದ್ದಿಲು ಸುಡುತ್ತಿದ್ದನಂತೆ. ಹೆಂಡತಿ ಸತ್ತಿದ್ದಳು. ಚಳಿಗೆ ಗುಡಿಸಲ ಬಾಗಿಲು ಮುಚ್ಚಿ, ಸಂದಿಗೆಲ್ಲ ಹುಲ್ಲು ತುರುಕಿ, ಕೆಂಡದ ಮುಂದೆ ಕೂತ. ಕೆಂಡದೊಳಗಿಂದ ಹೆಂಡತಿಯ ದನಿ — ಬಾ, ಇಲ್ಲಿ ಬೆಚ್ಚಗಿದೆ. ಬೆಳಿಗ್ಗೆ ಜನ ಹೋಗಿ ನೋಡಿದರೆ ಮುಖ ಉಪ್ಪಿಗೆ ಹಾಕಿದ ಪ್ಲಮ್ ಹಣ್ಣಿನ ಹಾಗೆ ಕೆಂಪಗಿತ್ತು. ನಗುತ್ತಿದ್ದ. ಸತ್ತಿದ್ದ.

"ಅಮ್ಮಾ, ಬಸುರಿ ಮುಂದೆ ಹೇಳೋ ಕಥೆನಾ ಇದು?" ಅಂದ ಕಾಂಜಿ.

"ನೀನು ಹೊಟ್ಟೇಲಿದ್ದಾಗ ನಮ್ಮತ್ತೆ ನನಗೆ ಹೇಳಿದ್ದು ಕಣೋ. ನಿನಗೇನಾಯ್ತು? ಬುದ್ಧಿ ಒಂದು ಕಮ್ಮಿ ಆಯ್ತು, ಅಷ್ಟೇ." ಎದ್ದು ಹೊರಡುವಾಗ ಹೇಳಿದಳು, "ಬೆಂಕಿ ಕಚ್ಚಿದ್ರೆ ಕೂಗಬಹುದು. ಜೋಗುಳ ಹಾಡಿದ್ರೆ ಏನು ಮಾಡ್ತೀ?"

ನವೆಂಬರ್ 29

ಕಥೆ ಕೇಳಿದವರು ಬೆಳಿಗ್ಗೆ ಎದ್ದು ಏನೂ ಮಾಡಲಿಲ್ಲ. ಕಾಂಜಿ ಆಕಳಿಸುತ್ತ ಮರದ ಮಿಲ್ಲಿಗೆ ಹೋದ. ಚಿಹೊ ಮಿಸೊ ಸಾರು ಕಾಯಿಸಿದಳು. ನಾನು ಒಲೆಯ ತೊಟ್ಟಿಗೆ ಒಂದು ಚೀಲ ಗುಳಿಗೆ ಸುರಿದೆ. ಪೆಲೆಟ್ ಅಂದರೆ ಇದೇ, ಮರದ ಹೊಟ್ಟು ಒತ್ತಿ ಮಾಡಿದ ಗುಳಿಗೆ, ಕಾಂಜಿಯ ಮಿಲ್ಲಿನದೇ. ಒಳಗೆ ತಿರುಪು ತಿರುಗಿ ಒಂದೊಂದಾಗಿ ಬೆಂಕಿ ಬಟ್ಟಲಿಗೆ ಬೀಳುತ್ತವೆ — ಕರಕರ, ಕರಕರ.

"ರೀ, ನೋಡಿ. ಈ ಸದ್ದು ಕೇಳಿದ್ರೆ ಸಾಕು, ಒದೆಯತ್ತೆ" ಅಂದಳು. ಕೈ ಇಟ್ಟೆ. ಹೌದು. ಏಳು ತಿಂಗಳು.

ಡಿಸೆಂಬರ್ 14

ಮೂರು ದಿನದಿಂದ ಹಿಮ. ಊಟ ಮಾಡುತ್ತಿದ್ದಾಗ ಬಡಗಣ ಸೂರಿನಿಂದ ದಬಕ್ಕನೆ ಜಾರಿತು, ಗೋಡೆ ಅದುರಿತು. ಚಿಹೊ ಬೆಚ್ಚಿಬಿದ್ದಳು. "ಅದಕ್ಕೇ ತಾನೆ ತಡಿಕೆ" ಅಂದೆ.

ಡಿಸೆಂಬರ್ 15

ಒಲೆ ನಿಂತಿತು. ಫ್ಯಾನ್ ತಿರುಗುತ್ತೆ, ದೀಪ ಹತ್ತುತ್ತೆ, ಗುಳಿಗೆ ಮಾತ್ರ ಬೀಳುತ್ತಿಲ್ಲ. ತೊಟ್ಟಿ ಖಾಲಿ ಮಾಡಿ ನೋಡಿದರೆ ತಳದಲ್ಲಿ ಒಂದು ಬೊಗಸೆ ಹುಡಿ. ಅದೇ ಸಿಕ್ಕಿಕೊಂಡಿರಬೇಕು. ಗುಡಿಸಿ ತೆಗೆದೆ. ಹತ್ತಿತು. ಕರಕರ. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಡಿಸೆಂಬರ್ 17

ಮತ್ತೆ ನಿಂತಿತು. ಹುಡಿ ಇಲ್ಲ. ಒಲೆಯ ಗಾಜು ಕಪ್ಪಾಗಿದೆ. ಉರಿಯ ಬಣ್ಣವೂ ಸರಿಯಿಲ್ಲ — ಉದ್ದಕ್ಕೆ, ಸೋಮಾರಿಯಾಗಿ, ಕಿತ್ತಳೆ ಬಣ್ಣಕ್ಕೆ ತೂಗಾಡುತ್ತಿತ್ತು. ಕಾಂಜಿಯನ್ನು ಕೇಳಿದೆ, ಗುಳಿಗೆ ಒದ್ದೆಯಾ ಅಂತ.

"ನನ್ನ ಮಿಲ್ಲಿನ ಗುಳಿಗೆ ಒದ್ದೆ ಅಂದ್ರೆ ನಿನ್ನ ನಾಲಿಗೆ ಒದ್ದೆ. ನಿನ್ನ ಡಬ್ಬಾ ಒಲೆ ನೋಡಿಕೋ ಹೋಗು."

ರಸ್ತೆಗೆ ಹೋಗಿ ತಡಿಕೆ ನೋಡಿದೆ. ಕೊಳವೆಯ ತೂತು ತೆರೆದೇ ಇದೆ, ಕಪ್ಪಗೆ. ಹೊಗೆ ಕಾಣಲಿಲ್ಲ. ಪೆಲೆಟ್ ಒಲೆಯಲ್ಲಿ ಹೊಗೆ ಎಲ್ಲಿ ಬರುತ್ತೆ? ಅದಕ್ಕೇ ತಾನೆ ಇದನ್ನು ತಂದದ್ದು.

ಡಿಸೆಂಬರ್ 19

ಮನೆಯೊಳಗೇ ಬಾಯಿಂದ ಹಬೆ. ಚಿಹೊ ಮೂರು ಹೊದಿಕೆ ಹೊದ್ದು ಕೂತಿದ್ದಾಳೆ. "ನಂಗೇನಿಲ್ಲ, ಇದಕ್ಕೆ ಚಳಿಯಾಗತ್ತೆ" ಅಂತ ಹೊಟ್ಟೆ ಸವರಿಕೊಂಡಳು. ವಾಷಿಂಗ್ ಮೆಷಿನ್ ರಿಪೇರಿ ಮಾಡಿ ಬದುಕುವವನು ನಾನು. ಊರಿನವರ ಮನೆಯಲ್ಲೆಲ್ಲ ಕರೆಂಟಿನ ಕೆಲಸ ನನ್ನದೇ. ನನ್ನ ಮನೆಯಲ್ಲಿ ಹೆಂಡತಿ ನಡುಗುತ್ತಾಳೆ...

ಡಿಸೆಂಬರ್ 20, ಮಧ್ಯಾಹ್ನ

ರಜ ಹಾಕಿದೆ. ಹಿಂಬದಿ ತಗಡು ಬಿಚ್ಚಿದೆ. ಫ್ಯೂಸ್ ಸರಿ. ತಿರುಪಿನ ಮೋಟರಿಗೆ ನೇರ ಕರೆಂಟ್ ಕೊಟ್ಟೆ, ಚೆನ್ನಾಗಿ ತಿರುಗಿತು. ಅಂದರೆ ಮೋಟರ್ ಸರಿ, ಅದರವರೆಗೆ ಕರೆಂಟ್ ಬರುತ್ತಿಲ್ಲ. ಮೀಟರ್ ಹಿಡಿದು ತಂತಿಯ ಬೆನ್ನು ಹತ್ತಿ ಹೋದೆ. ಗಾಳಿ ಸ್ವಿಚ್ಚಿನ ಹತ್ತಿರ ಕರೆಂಟ್ ಕಡಿಯುತ್ತಿದೆ. ಕೊಳವೆಯಲ್ಲಿ ಹೊಗೆ ಹೊರಹೋಗುವ ಎಳೆತ ಇದ್ದರೆ ಮಾತ್ರ ಮೋಟರಿಗೆ ಕರೆಂಟ್ ಬಿಡುವ ಸಣ್ಣ ಬಿಲ್ಲೆ. ಫ್ಯಾನ್ ತಿರುಗುತ್ತಿದೆ, ತೂತು ತೆರೆದಿದೆ, ಮತ್ತೇಕೆ ಕಡಿಯಬೇಕು? ಸ್ವಿಚ್ ಸತ್ತಿದೆ.

ಸಿಕ್ಕಿತು ಕಳ್ಳ!

ಮೊರಿಯೊಕಾದ ಒಲೆ ಅಂಗಡಿಗೆ ಫೋನ್ ಮಾಡಿದೆ. ಹೊಸ ಸ್ವಿಚ್ ಬರುವುದು ಹೊಸ ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಸ್ವಿಚ್ಚಿನ ಎರಡು ಕಾಲಿಗೂ ಒಂದು ಅಡ್ಡತಂತಿ ಕಟ್ಟಿದ್ದೇನೆ. ಗೇಣುದ್ದದ ಕೆಂಪು ತಂತಿ; ಇನ್ನು ಕರೆಂಟ್ ಸ್ವಿಚ್ಚನ್ನು ಕೇಳದೆ ಮೋಟರಿಗೆ ಹೋಗುತ್ತೆ. ತಾತ್ಕಾಲಿಕ.

ಕರಕರ. ಚಿಹೊ ಚಪ್ಪಾಳೆ ತಟ್ಟಿದಳು. ಒಳಗಿಂದಲೂ ಒದೆತ.

ಡಿಸೆಂಬರ್ 21

ಇಡೀ ದಿನ ನಿಲ್ಲಲಿಲ್ಲ. ಹೊದಿಕೆಗಳನ್ನು ಮಡಿಸಿ ಮೇಲಿಟ್ಟಾಯಿತು. ಗಾಜು ಬೇಗ ಕಪ್ಪಾಗುತ್ತೆ, ಒರೆಸಿದರಾಯಿತು. ಸಂಜೆ ನನಗೆ ಸ್ವಲ್ಪ ತಲೆನೋವು. ತಗಡಿನ ಹಿಂದೆ ಬಗ್ಗಿ ಬಗ್ಗಿ ಕತ್ತು ಹಿಡಿದಿರಬೇಕು.

ಡಿಸೆಂಬರ್ 22

ಚಿಹೊಗೂ ತಲೆನೋವು. ಬೆಳಿಗ್ಗೆ ವಾಂತಿ. "ಮೊದಲ ತಿಂಗಳುಗಳ ಆಟ ಮತ್ತೆ ಶುರು ಮಾಡಿದಾಳೆ ನಿಮ್ಮ ಮಗಳು" ಅಂದಳು. ಮಗಳು ಅಂತ ಅವಳೇ ತೀರ್ಮಾನ ಮಾಡಿದ್ದಾಳೆ. ನಾನು ಕೆಲಸಕ್ಕೆ ಹೋದಾಗ, ಹೊರಗಿನ ಚಳಿಗೆ, ತಲೆ ಹಗುರಾಯಿತು. ಮನೆಗೆ ಬಂದೆ, ಮತ್ತೆ ಹಿಡಿಯಿತು.

ಡಿಸೆಂಬರ್ 23, ಸಂಜೆ

ಒದೆಯಿತಾ, ಕೇಳಿದೆ.

"ಇವತ್ತು ಸುಮ್ಮನಿದೆ ರೀ. ಬೆಚ್ಚಗಿದೆಯಲ್ಲ, ಮಲಗಿದೆ."

ಕೈ ಇಟ್ಟೆ. ಗುಳಿಗೆ ಬೀಳುತ್ತಿತ್ತು, ಕರಕರ. ಕಾದೆ. ಕಾದು ಕಾದು ನನಗೇ ತೂಕಡಿಕೆ ಬಂತು. ಬೆಚ್ಚಗಿತ್ತು...

ಡಿಸೆಂಬರ್ 26, ಆಸ್ಪತ್ರೆ, ಮೊರಿಯೊಕಾ

ಬರೆಯಲು ಆಗುತ್ತಿದೆ, ಬರೆಯುತ್ತೇನೆ.

ಮೊನ್ನೆ ಸಾಯಂಕಾಲ ಕಿನು ಅಜ್ಜಿ ಮೂಲಂಗಿ ಉಪ್ಪಿನಕಾಯಿ ತಂದಳು. ಬಾಗಿಲು ಸರಿಸಿದಳು. ಚಿಹೊ ಒಲೆ ಪಕ್ಕ ಮಲಗಿದ್ದಳು. ನಾನು ಗೋಡೆಗೆ ಒರಗಿದ್ದೆ. ಏಳಬೇಕು ಅನಿಸಿತು, ಕಾಲು ಬರಲಿಲ್ಲ. ಅದಕ್ಕೆ ಬೇಜಾರೂ ಆಗಲಿಲ್ಲ.

"ಎಷ್ಟು ಕೆಂಪಗಾಗಿದೀಯೇ ಮಗಾ! ಗಂಡ ಚೆನ್ನಾಗಿ ಸಾಕಿದಾನೆ..." ಅಂತ ಅಜ್ಜಿ ನಕ್ಕಳು. ನಕ್ಕವಳು ನಿಲ್ಲಿಸಿದಳು. ಪಾತ್ರೆ ಬಿತ್ತು. ಬಾಗಿಲುಗಳನ್ನೆಲ್ಲ ಕಿತ್ತೆಸೆದಂತೆ ತೆರೆದಳು. "ಕಾಂಜೀ! ಕಾಂಜೀ!" ಅಂತ ಕೂಗಿದ್ದು ಕೇಳಿಸಿತು. ಆಮೇಲೆ ಮುಖದ ಮೇಲೆ ಹಿಮ.

ನಾನು ಸರಿಹೋದೆ. ಚಿಹೊ ಕಣ್ಣು ಬಿಟ್ಟಿದ್ದಾಳೆ, ಮೂಗಿಗೆ ಆಮ್ಲಜನಕ. ಡಾಕ್ಟರ್ ಹೇಳಿದ್ದು — ಒಲೆಯ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್. ತಾಯಿಯ ರಕ್ತದಿಂದ ಆ ವಿಷ ಹೋದರೂ ಮಗುವಿನದರಿಂದ ನಿಧಾನ. ಎದೆ ಬಡಿತ ಇದೆ. ಚಲನೆ ಇಲ್ಲ. ಕಾಯಬೇಕು.

ಚಿಹೊ ಒಂದೇ ಮಾತು ಕೇಳಿದಳು. "ಸ್ವಿಚ್ ಕೆಟ್ಟಿತ್ತಲ್ವಾ?"

ಹೂಂ ಅಂದೆ.

ಡಿಸೆಂಬರ್ 28, ಬೆಳಿಗ್ಗೆ, ಮನೆ

ಬಟ್ಟೆ ತೆಗೆದುಕೊಂಡು ಹೋಗಲು ನಿನ್ನೆ ಬಂದೆ. ಮನೆಯೊಳಗೆ ಇರಲಾಗಲಿಲ್ಲ. ಅಜ್ಜಿಯ ಮನೆಗೆ ಹೋದೆ. ಊರಿನ ನಾಲ್ಕಾರು ಜನ ಸೇರಿದ್ದರು. ಅಜ್ಜಿ ಅದೇ ಕಥೆ ಹೇಳಿದಳು. ಆದರೆ ಈ ಸಲ ಗುಡಿಸಲಿನಲ್ಲಿ ಇದ್ದಿಲಿನವನ ಜೊತೆ ಬಸುರಿ ಹೆಂಡತಿ ಇದ್ದಳು, ಬದುಕಿದ್ದಳು. ಸಂದಿಗೆ ಹುಲ್ಲು ತುರುಕಿದವಳು ಪಕ್ಕದ ಗುಡಿಸಲ ಮುದುಕಿ, ಪ್ರೀತಿಯಿಂದ. ಹೊಟ್ಟೆಯೊಳಗಿನ ಮಗುವಿಗೆ ಏನಾಯಿತು ಅಂತ ಅಜ್ಜಿ ಹೇಳಲಿಲ್ಲ.

ಬೆಳಗಾಗುತ್ತಲೇ ಕೇಳಿದವರೆಲ್ಲ ಗುದ್ದಲಿ ಹಿಡಿದು ತಮ್ಮ ತಮ್ಮ ಮನೆಯ ಬಡಗಣಕ್ಕೆ ಹೋದರು. ವಸಂತ ಇನ್ನೂ ದೂರ. ಹಗ್ಗ ಕೊಯ್ಯುವ ಸದ್ದು ಕೇಳುತ್ತಿದೆ, ಮನೆಯಿಂದ ಮನೆಗೆ.

ನಮ್ಮದನ್ನು ಕಾಂಜಿ ಬಿಚ್ಚಿದ. ಕರೆದ. ಹೋಗಿ ನೋಡಿದೆ. ಸೂರಿನಿಂದ ಜಾರಿದ ಹಿಮ ಗೋಡೆಗೂ ತಡಿಕೆಗೂ ನಡುವಿನ ಸಂದಿಯಲ್ಲಿ ಕಲ್ಲಾಗಿ ನಿಂತಿತ್ತು. ಕೊಳವೆ ಅದರೊಳಗೆ ಹೂತು ಹೋಗಿತ್ತು, ಬಾಯಿಯ ಸುತ್ತ ಮಸಿ. ತಡಿಕೆಯ ತೂತಿನವರೆಗೆ ಕೊಳವೆ ಚಾಚಿಯೇ ಇರಲಿಲ್ಲ. ರಸ್ತೆಯಿಂದ ನಾನು ನೋಡಿದ್ದು ಹುಲ್ಲಿನ ತೂತು.

ಕಾಂಜಿ ಗುದ್ದಲಿ ಎತ್ತಿ ಕೊಳವೆಯ ಸುತ್ತ ಅಗೆಯತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಬಂದು ಅಡ್ಡತಂತಿ ಕಿತ್ತೆ. ಕಾಂಜಿ ಕೊಳವೆ ಬಿಡಿಸಿದ ಮೇಲೆ ಫ್ಯಾನ್ ಹಾಕಿ ಗಾಳಿ ಸ್ವಿಚ್ಚಿಗೆ ಮೀಟರ್ ಹಿಡಿದೆ. ಮುಳ್ಳು ಪೂರ್ತಿ ಆಚೆಗೆ ಹೋಯಿತು. ಸ್ವಿಚ್ ಚೆನ್ನಾಗಿದೆ. ಮೊದಲಿಂದಲೂ ಚೆನ್ನಾಗಿತ್ತು. ನಿಲ್ಲು ಅನ್ನುತ್ತಿತ್ತು, ಅಷ್ಟೇ.

ಇದನ್ನು ಚಿಹೊಗೆ ಹೇಳಬೇಕು. ಇವತ್ತೇ. ಅದಕ್ಕೆ ಮೊದಲು ಇನ್ನೊಂದು ಕೇಳಬೇಕು, ದಿನಾ ಕೇಳುವುದನ್ನೇ — ಒದೆಯಿತಾ?

ಫೋನ್ ಬಡಿದುಕೊಳ್ಳುತ್ತಿದೆ, ಅಡುಗೆಮನೆಯಲ್ಲಿ. ಚಿಹೊ ಹೆಸರು ಬಂದಿದ್ದರೆ ಎತ್ತುತ್ತೇನೆ. ಆಸ್ಪತ್ರೆಯ ನಂಬರ್ ಆಗಿದ್ದರೆ...