ಮಿಸ್ಟೇಕ್‌ನ ಜೊತೆಗೆ ಮೇಕ್

ವಸಂತ,

ದೀಪಶ್ರೀಯನ್ನು ಬಂಟ್ವಾಳದ ಆಸ್ಪತ್ರೆಗೆ ಕರಕೊಂಡು ಹೋಗ್ತೇನೆ. ನಿನ್ನ ಮಗಳ ಬೆರಳು ಬಾತು ನೀಲಿಯಾಗಿದೆ. ಗಂಜಿ ಒಲೆಯ ಮೇಲೆ ಉಂಟು. ದನಕ್ಕೆ ನೀರು ಕೊಡು.

ಇಂಗ್ಲಿಷಿನಲ್ಲಿ ಮಿಸ್ಟೇಕ್‌ನ ಜೊತೆಗೆ 'ಮೇಕ್' ಬರಬೇಕಂತೆ, ಅವಳು 'ಡೂ' ಬರೆದಳು. ಅಷ್ಟಕ್ಕೆ ಮರದ ರೀಪಿನಲ್ಲಿ ಹೊಡೆಯುವುದಾ ಮಾರಾಯ? "ನಾಮಪದ ಯಾವುದು, ಕ್ರಿಯಾಪದ ಯಾವುದು, ಹೇಳು!" ಎಂದು ಒಂದೊಂದು ಪೆಟ್ಟಿಗೂ ನೀನು ಕೇಳ್ತಿದ್ದಿ. ಅಳುವ ಮಗು ಹೇಗೆ ಹೇಳುವುದು?

ನಾನು ಕಟ್ಟಿಗೆಯಲ್ಲಿ ಬಾರಿಸಿದ ನಿನ್ನ ಮೊಣಕೈ ನೋಯ್ತಿರಬಹುದು. ಎಣ್ಣೆ ಕಪಾಟಿನಲ್ಲಿ ಉಂಟು, ಹಚ್ಚಿಕೋ. ನಿನಗೆ ಹೊಡೆದದ್ದಕ್ಕೆ ನನಗೆ ಬೇಸರವಿಲ್ಲ. ನೀನು ಚಿಕ್ಕವನಿರುವಾಗ ನಿನ್ನಪ್ಪನ ಕೈಯನ್ನು ಹೀಗೆ ತಡೆಯಲಿಲ್ಲ, ಆ ಬೇಸರ ಉಂಟು.

ಡಾಕ್ಟರು ಕೇಳ್ತಾರೆ. ಜಾರಿ ಬಿದ್ದಳು ಎಂದು ಈ ಸಲ ನಾನು ಹೇಳುವುದಿಲ್ಲ.

ಅಮ್ಮ