ಯಾವ ಪಂಕ್ತಿಗೂ ಸೇರದವಳು

ಹುಬ್ಬಳ್ಳಿ
ಇಸವಿ ೨೨೦೭, ಆಗಸ್ಟ್ ಮೂವತ್ತೆರಡು, ಮಧ್ಯಾಹ್ನ

ರೋಹಿಣಿ ಅಜ್ಜಿಯವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ಸರಿಯಾಗಿಯೇ ಬರೆದಿದ್ದೇನೆ. ನಮ್ಮಲ್ಲಿ ಆಗಸ್ಟ್ ಕೊನೆಗೆ ಒಂದು ಬಿಡುದಿನ ಉಂಟು. ಅದು ಯಾರ ಕೆಲಸಕ್ಕೂ ಸೇರದ ದಿನ, ಹಿಂದಿನ ಕಾಲದವರಿಗೆ ಪತ್ರ ಬರೆಯಲು ಅಪ್ಪಣೆ ಇರುವುದೂ ಇದೊಂದೇ ದಿನ. ನೀವು ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ. ಆದರೆ ಈ ಪತ್ರ ತಲುಪುವಾಗ ನಿಮಗೆ ಇಪ್ಪತ್ತಮೂರು, ಧಾರವಾಡದ ಹಾಸ್ಟೆಲಿನಲ್ಲಿದ್ದು ಎಂಬಿಎ ಓದುತ್ತಿರುತ್ತೀರಿ. ಗೆಳತಿಯರು ಫೈನಾನ್ಸೋ ಮಾರ್ಕೆಟಿಂಗೋ ಆರಿಸಿಕೊಂಡಾಗ ನೀವೊಬ್ಬರೇ 'ಜನರಲ್' ಎಂದು ಬರೆದುಕೊಟ್ಟಿರುತ್ತೀರಿ. ನನಗೂ ಇಪ್ಪತ್ತಮೂರೇ. ಓರಗೆಯವಳನ್ನು ಅಜ್ಜಿ ಎನ್ನಲು ಸಂಕೋಚ, ಹೆಸರು ಹಿಡಿದು ಕರೆದರೆ ಅವ್ವನ ಬೈಗುಳ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಪ್ರತಿಯೊಬ್ಬರಿಗೂ ಒಂದು 'ಎಳೆ' ಇರುತ್ತದೆ. ವ್ಯವಹಾರವನ್ನು ನೂರಾರು ಸಣ್ಣ ಕೆಲಸಗಳಾಗಿ ಸೀಳಿದ್ದಾರೆ, ಅದರಲ್ಲಿ ಒಂದನ್ನು ಹಿಡಿದರೆ ಸಾಯುವತನಕ ಅದೇ. ನನ್ನ ಕಾಲೇಜಿನ ಗೆಳತಿ ಕಸ್ತೂರಿಯದು ಹಿಂದಿರುಗಿಸಿದ ಚಪ್ಪಲಿಗಳ ಎಳೆ. ಬೂಟಿನ ವಿಷಯ ಕೇಳಿದರೆ ಮುಖ ತಿರುಗಿಸುತ್ತಾಳೆ, ಅದು ಬೇರೆಯವರದಂತೆ! ಪರರ ಎಳೆಯ ಬಗ್ಗೆ ಬಾಯಿ ಬಿಡುವುದು ನಮ್ಮಲ್ಲಿ ಭಾರೀ ಅಸಭ್ಯತೆ. ಮದುವೆಯೂಟದಲ್ಲೂ ಎಳೆಗೊಂದು ಪಂಕ್ತಿ. ನಾನು ಓದುತ್ತಿರುವುದು ಸಾಮಾನ್ಯ ವ್ಯವಹಾರ, ಅಂದರೆ ನಿಮ್ಮ ಜನರಲ್. ಇಡೀ ಕಾಲೇಜಿನಲ್ಲಿ ಅದಕ್ಕೆ ಉಳಿದವಳು ನಾನೊಬ್ಬಳೇ, ನನಗೆ ಪಂಕ್ತಿ ಇಲ್ಲ. ಎಲ್ಲರೂ ಉಂಡೆದ್ದ ಮೇಲೆ ಬಡಿಸುವವರ ಜೊತೆ ಕೂರುತ್ತೇನೆ. ಅಷ್ಟರಲ್ಲಿ ಹೋಳಿಗೆ ಖಾಲಿಯಾಗಿರುತ್ತದೆ.

ಕುಳಿತು ಬರೆಯಲು ಆಗುತ್ತಿಲ್ಲ. ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ನಡೆದದ್ದನ್ನು ಹೇಳಿಬಿಡುತ್ತೇನೆ.

ನಮ್ಮ ಕಾಲೇಜು ಪಾಠದ ಭಾಗವಾಗಿ ಒಂದು ಖಾನಾವಳಿ ನಡೆಸುತ್ತದೆ. ಆಸನದ ಎಳೆಯವರು ಜನ ಬೇಗ ಎದ್ದು ಜಾಗ ಬಿಡಲೆಂದು ಗಟ್ಟಿಯಾದ, ಮುಂದಕ್ಕೆ ಜಾರುವ ಕುರ್ಚಿ ಹಾಕಿಸಿದರು. ರುಚಿಯ ಎಳೆಯವರು ಊರವರ ಮನಸ್ಸು ತಿಳಿದು ಕಟಕ್ ಎನ್ನುವ ಖಡಕ್ ರೊಟ್ಟಿ ತಂದರು, ಅದನ್ನು ನಿಧಾನವಾಗಿ ಅಗಿದೇ ತಿನ್ನಬೇಕು. ಇಬ್ಬರಿಗೂ ಪದಕ ಬಂತು. ಗಿರಾಕಿಗಳು ಮಾತ್ರ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ಅಗಿಯುತ್ತಲೇ ಬೀದಿಗೆ ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ಒಬ್ಬ ಹಿರಿಯರು ಬಾಗಿಲಲ್ಲಿ ನಿಂತು, "ರೊಟ್ಟಿ ಗಟ್ಟಿ ಇದ್ರ ನಡೀತೈತ್ರಿ, ಕುರ್ಚಿನೂ ಗಟ್ಟಿ ಅಂದ್ರ ಮನಶ್ಯಾ ಎಲ್ಲಿ ಕುಂತು ತಿನ್ಬೇಕ್ರಿ?" ಎಂದರು. ಅವರ ಮಾತನ್ನು ನಾನು ಕಾಲೇಜಿನ ತುಂಬಿದ ಸಭೆಯಲ್ಲಿ ಎದ್ದು ಹೇಳಿದೆ. ಎರಡು ಎಳೆಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಎಲ್ಲರೂ ತಲೆ ತಗ್ಗಿಸಿದರು, ನಾನೇನೋ ಹೊಲಸು ಆಡಿದವಳಂತೆ. ಕುರ್ಚಿ ಹಾಗೆಯೇ ಇದೆ. ಖಾನಾವಳಿ ಮುಚ್ಚಿದೆ. ನನಗೆ ಮಾತ್ರ ಅಪ್ಪಣೆ ಬಂದಿದೆ: ನಾಳೆ ಬೆಳಿಗ್ಗೆ ಒಂದು ಎಳೆ ಹಿಡಿ, ಇಲ್ಲವೇ ಕಾಲೇಜು ಬಿಡು.

ಅವ್ವ ಅಳುತ್ತಾಳೆ. "ಯಾವ್ದಾರ ಒಂದ್ ಹಿಡಿಯವ್ವ, ನಿನ್ ಮದುವ್ಯಾಗ ನಿನ್ನನ್ನ ಯಾವ ಪಂಕ್ತ್ಯಾಗ ಕುಂದ್ರಸ್ಲಿ?" ಎನ್ನುತ್ತಾಳೆ. ನಗು ಬರುತ್ತದೆ, ಬೆನ್ನಿಗೇ ಹೆದರಿಕೆ. ನಿಜ ಹೇಳುತ್ತೇನೆ ಅಜ್ಜಿ, ನನಗೆ ಕುರ್ಚಿ ಮಾಡಲು ಬರುವುದಿಲ್ಲ, ರೊಟ್ಟಿ ಬಡಿಯಲೂ ಬರುವುದಿಲ್ಲ. ಇವೆರಡರ ನಡುವೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದಷ್ಟೇ ನನಗೆ ಕಂಡದ್ದು. ಅಷ್ಟಕ್ಕೆ ಒಂದು ಪದವಿ ಬೇಕೇ ಎಂದು ಬೆಳಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಆದ್ದರಿಂದ ನಿಮ್ಮನ್ನು ಕೇಳುತ್ತೇನೆ. ಜನರಲ್ ಓದಿದ್ದಕ್ಕೆ ನೀವು ಮುಂದೆ ಪಶ್ಚಾತ್ತಾಪ ಪಡುತ್ತೀರಾ? ಪಟ್ಟರೆ ಒಂದು ಉಪಕಾರ ಮಾಡಿ. ಮಕ್ಕಳೆದುರು, ಮೊಮ್ಮಕ್ಕಳೆದುರು ಬಾಯಿ ತುಂಬ ಗೊಣಗಿ. ನಮ್ಮ ಮನೆಯಲ್ಲಿ ಬಂಗಾರ ಉಳಿದಿಲ್ಲ, ಗೊಣಗಾಟ ಉಳಿದಿದೆ. ನಿಮ್ಮ ಹಾಸ್ಟೆಲಿನ ನೀರು ಸಾರು, ಕಿರುಗುಟ್ಟುವ ಫ್ಯಾನು, ಮುಂದೆ ನಿಮ್ಮತ್ತೆ ಮಾಡಲಿರುವ ಸಪ್ಪೆ ಚಹಾ, ಎಲ್ಲವೂ ಬಾಯಿಂದ ಬಾಯಿಗೆ ನನ್ನವರೆಗೆ ಬಂದಿವೆ. ಆ ಸಾರಿನ ಮೇಲೆ ನನಗೆ ಈಗಲೂ ಸಿಟ್ಟು.

ಈಗಷ್ಟೇ ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದೆ, ಅಜ್ಜಿ ಓದಿನ ಬಗ್ಗೆ ಏನಾದರೂ ಗೊಣಗಿದ್ದರೇ ಎಂದು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಹಳ ಹೊತ್ತು ಯೋಚಿಸಿದಳು. ಸಾರು ಹೇಳಿದಳು, ಫ್ಯಾನು ಹೇಳಿದಳು, ಚಹಾ ಹೇಳಿದಳು. ಓದಿನ ಬಗ್ಗೆ ಮಾತ್ರ ಒಂದು ಗೊಣಗಾಟವೂ ಸಿಗಲಿಲ್ಲ.

ನಾಳೆ ನಾನು ಯಾವ ಎಳೆಯನ್ನೂ ಹಿಡಿಯುವುದಿಲ್ಲ. ಕಾಲೇಜು ಬಿಡಿಸಿದರೆ ಆ ಮುಚ್ಚಿದ ಖಾನಾವಳಿಯನ್ನು ಬಾಡಿಗೆಗೆ ಹಿಡಿದು ಬಾಗಿಲು ತೆಗೆಸಿ, ಮೊದಲು ಕುರ್ಚಿ ಬದಲಿಸುತ್ತೇನೆ.

ಗೊಣಗುವುದಿದ್ದರೆ ಬೆಳಗಾಗುವುದರೊಳಗೆ ಗೊಣಗಿ, ಅಜ್ಜಿ. ಅವ್ವ ಇನ್ನೂ ಅಡುಗೆಮನೆಯಲ್ಲೇ ಇದ್ದಾಳೆ. ನಿಮ್ಮ ಗೊಣಗಾಟ ನೆನಪಾದರೆ ಕೂಗುತ್ತಾಳೆ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ಮೇಖಲಾ